ಕುದುರೆ ಕೊಳ್ಳುವ ಮಾತು

ಇಳಕಲ್ಲಿನಲ್ಲಿರುವ ನನ್ನ ಮೊಮ್ಮಗನಿಗೆ ಎಂಟು ವರ್ಷ. ಅವನಿಗೊಂದು ಸಣ್ಣ ಕುದುರೆ ಬೇಕಂತೆ. ಮರದ ಕುದುರೆಯಲ್ಲ, ಕೀಲಿ ಕೊಟ್ಟರೆ ಓಡುವ ಕುದುರೆಯಲ್ಲ. ಹುಲ್ಲು ತಿನ್ನುವ, ಕಿವಿ ನಿಗುರಿಸುವ, ಲದ್ದಿ ಹಾಕುವ ನಿಜವಾದ ತಟ್ಟು. ಮಕ್ಕಳ ಇಂಥ ಆಸೆಗಳು ಮೂರು ದಿನದ ಮಳೆಯಂತೆ ಬಂದು ಹೋಗುವುದೇ ರೂಢಿ. ಇದು ಮಾತ್ರ ದಸರೆಯಲ್ಲಿ ಹಿಡಿದದ್ದು ದೀಪಾವಳಿ ಕಳೆದರೂ ಬಿಡಲಿಲ್ಲ. ಅಳಿಯಂದಿರಿಗೆ ಊರ ಹೊರಗೆ ಎರಡೂವರೆ ಎಕರೆ ಹೊಲವಿದೆ, ಬಾವಿಯಿದೆ, ಹಳೆಯದೊಂದು ದನದ ಕೊಟ್ಟಿಗೆಯೂ ಇದೆ. ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಕೆಟ್ಟುಹೋದ ಪಂಪಿನ ಸಾಮಾನುಗಳಿವೆ. ಹೀಗಾಗಿ ಜಾಗವಿಲ್ಲವೆಂಬ ನೆಪ ನಡೆಯಲಿಲ್ಲ. ಕೊನೆಗೆ ಒಂದು ರಾತ್ರಿ ಅಳಿಯಂದಿರು ಬಾಗಲಕೋಟೆಗೆ ಫೋನು ಮಾಡಿ, "ಮಾಮಾ, ನಿಮ್ಮ ಮನೆಯಲ್ಲಿ ಹಿಂದೆ ಕುದುರೆ ಇತ್ತಂತಲ್ಲ, ನೀವೇ ನೋಡಿ ಒಂದನ್ನು ಆರಿಸಿಕೊಡಿ" ಎಂದರು. ಅವರದು ಸಹಜವಾದ ಮಾತು. ನನಗೆ ಅದು ಬೇರೊಂದು ಕಡೆ ನಾಟಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನವನಗರದಲ್ಲಿ ಬೆಳಗಿನ ಹೊತ್ತು ಒಟ್ಟಿಗೆ ತಿರುಗಾಡುವ ನಾಲ್ಕಾರು ಜನ ನಿವೃತ್ತರಿದ್ದೇವೆ. ಅವರ ಮುಂದೆ ವಿಷಯವಿಟ್ಟೆ. ಕುದುರೆಯ ಬೆನ್ನು ಹತ್ತಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಕುದುರೆಯ ವಿಷಯದಲ್ಲಿ ಸಲಹೆ ಕೊಡಲಾರದವರೂ ಒಬ್ಬರಿಲ್ಲ. ಒಬ್ಬರು ಸುಳಿ ನೋಡಬೇಕೆಂದರು: ಹಣೆಯ ಸುಳಿ ಎಷ್ಟು, ಕೊರಳ ಸುಳಿ ಎತ್ತ ತಿರುಗಿದೆ, ಯಾವ ಸುಳಿ ಮನೆಗೆ ಬಂದರೆ ಯಜಮಾನನಿಗೆ ಕೇಡು, ಇತ್ಯಾದಿ. ಇನ್ನೊಬ್ಬರು ನಾಲ್ಕು ಕಾಲೂ ಮೋರೆಯೂ ಬೆಳ್ಳಗಿರುವ ಪಂಚಕಲ್ಯಾಣಿಯೇ ಆಗಬೇಕೆಂದರು. ಮೂರನೆಯವರು ಹಲ್ಲಿನ ಶಾಸ್ತ್ರ ತೆಗೆದರು. ಇದೊಂದರಲ್ಲಿ ಹುರುಳುಂಟು. ಕುದುರೆಗೆ ಎರಡೂವರೆ ವರ್ಷದ ಹೊತ್ತಿಗೆ ಮುಂದಿನ ಹಾಲುಹಲ್ಲು ಎರಡು ಬಿದ್ದು ಹೊಸವು ಬರುತ್ತವೆ, ಮೂರೂವರೆಗೆ ನಾಲ್ಕಾಗುತ್ತವೆ, ನಾಲ್ಕೂವರೆಗೆ ಆರು. ಐದು ವರ್ಷಕ್ಕೆ ಕುದುರೆ ಬಾಯಿಗೂಡಿತೆಂದು ಲೆಕ್ಕ. ಆಮೇಲೆ ಹಲ್ಲಿನ ನೆತ್ತಿಯ ಕಪ್ಪು ಗುಳಿಗಳು ಸವೆಯುತ್ತ ಹೋಗುವುದನ್ನು ನೋಡಿ ವಯಸ್ಸು ಹೇಳುತ್ತಾರೆ.

ಆದರೆ ಮನುಷ್ಯನ ಜಾಣತನ ಎಂಥದೆಂದರೆ, ಮುದಿ ಕುದುರೆಯ ಸವೆದ ಹಲ್ಲಿನಲ್ಲಿ ಹೊಸ ಗುಳಿ ಕೊರೆದು, ಕಾದ ಕಂಬಿಯಿಂದ ಅದನ್ನು ಕಪ್ಪಾಗಿ ಸುಟ್ಟು, ಹರೆಯದ ಕುದುರೆಯೆಂದು ಮಾರುವ ವಿದ್ಯೆಯನ್ನೂ ಅವನು ಕಂಡುಹಿಡಿದ. ಇಂಗ್ಲೆಂಡಿನಲ್ಲಿ ಇದಕ್ಕೆ 'ಬಿಷಪಿಂಗ್' ಎಂಬ ಹೆಸರೇ ಇತ್ತು. ನಾವೇನು ಹಿಂದೆ ಬಿದ್ದವರಲ್ಲ. ಮಹಾಭಾರತದ ಆರಂಭದಲ್ಲಿಯೇ ಒಂದು ಕುದುರೆಯ ಮೋಸವಿದೆ. ಉಚ್ಚೈಃಶ್ರವಸ್ಸಿನ ಬಾಲ ಕಪ್ಪೆಂದು ಕದ್ರು, ಬಿಳಿದೆಂದು ವಿನತೆ ಪಣ ಕಟ್ಟಿದರು. ಬಾಲ ಬಿಳಿಯದೇ ಎಂದು ತಿಳಿದಾಗ ಕದ್ರು ತನ್ನ ಹಾವುಮಕ್ಕಳಿಗೆ, ಹೋಗಿ ಆ ಬಾಲಕ್ಕೆ ಸುತ್ತಿಕೊಳ್ಳಿ ಎಂದಳು. ಒಪ್ಪದ ಮಕ್ಕಳಿಗೆ ಶಾಪ ಕೊಟ್ಟಳು. ಹೆದರಿದ ಮಕ್ಕಳು ಹೋಗಿ ಸುತ್ತಿಕೊಂಡರು. ಈ ಮಕ್ಕಳ ಕಥೆಯನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ಗುಂಪಿನಲ್ಲಿ ಒಬ್ಬರು ಪಶುವೈದ್ಯರಾಗಿ ನಿವೃತ್ತರಾದವರು. ಅವರು ಅಲ್ಲಿಯವರೆಗೆ ಸುಮ್ಮನೆ ನಡೆಯುತ್ತಿದ್ದರು. "ನೀವೆಲ್ಲ ಯಾವ ಕುದುರೆ ಎಂದು ಕೇಳುತ್ತಿದ್ದೀರಿ. ಯಾರ ಕುದುರೆ ಎಂದು ಯಾರೂ ಕೇಳಲಿಲ್ಲ" ಎಂದರು. "ಕುದುರೆಯನ್ನು ಆಮೇಲೆ ನೋಡಿ, ಮೊದಲು ಅದನ್ನು ಹುಟ್ಟಿಸಿ ಸಾಕಿದವನನ್ನು ನೋಡಿ. ನೂಲಿನಂತೆ ಸೀರೆ ಎಂದು ಇಳಕಲ್ಲಿನವರಿಗೆ ನಾನು ಹೇಳಬೇಕೆ?"

ಅವರು ನಮ್ಮ ಜಿಲ್ಲೆಯದೇ ಉದಾಹರಣೆ ಕೊಟ್ಟರು. ಮುಧೋಳದ ಬೇಟೆನಾಯಿ ಈಗ ದೇಶಕ್ಕೆಲ್ಲ ಗೊತ್ತು. ೨೦೦೫ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂದಿತು. ೨೦೧೬ರಲ್ಲಿ ಸೈನ್ಯ ತರಬೇತಿಗೆ ಮರಿಗಳನ್ನು ತೆಗೆದುಕೊಂಡಿತು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅದರ ಹೆಸರು ಹೇಳಿದರು. ಹೆಸರು ಬಂದಲ್ಲಿ ಗಿರಾಕಿ ಬರುತ್ತಾನೆ; ಗಿರಾಕಿ ಬಂದಲ್ಲಿ, ತಾಯಿಯ ಮೈ ಸುಧಾರಿಸುವ ಮೊದಲೇ ಮತ್ತೆ ಮರಿ ಹಾಕಿಸುವ ಮನುಷ್ಯನೂ ಹುಟ್ಟಿಕೊಳ್ಳುತ್ತಾನೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದವರು ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿರುವುದು ತಳಿ ಕೆಡಬಾರದೆಂದೇ. ನಾಯಿಗಳನ್ನು ಹುಟ್ಟಿಸಿ ಮಾರುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು ೨೦೧೭ರಲ್ಲಿ ನಿಯಮವೇ ಆಯಿತು. "ನಿಯಮ ಬಂದಿತೆಂದರೆ ಮರ್ಯಾದೆ ಹೋಯಿತೆಂದು ತಿಳಿಯಬೇಕು" ಎಂದರು ವೈದ್ಯರು. ಅದು ಅವರ ಮಾತು; ನಾನು ಅಷ್ಟು ದೂರ ಹೋಗಲಾರೆ.

ಕುದುರೆಯ ವಿಷಯದಲ್ಲಿ ಅವರು ಹೇಳಿದ್ದನ್ನು ನಾನೊಂದು ಚೀಟಿಯಲ್ಲಿ ಬರೆದುಕೊಂಡೆ. ಆರು ತಿಂಗಳಾದರೂ ತಾಯಿಯ ಜೊತೆಗಿದ್ದ ಮರಿಯೇ ಆಗಬೇಕು, ಸಾಧ್ಯವಾದರೆ ತಾಯಿಯನ್ನೂ ನೋಡಬೇಕು. ಜಾತ್ರೆಯಲ್ಲಿ ಅಲ್ಲ, ಅದು ಹುಟ್ಟಿ ಬೆಳೆದ ಜಾಗಕ್ಕೆ ಹೋಗಿ ನೋಡಬೇಕು. ನಾಲ್ಕು ವರ್ಷ ತುಂಬುವವರೆಗೆ ಬೆನ್ನಿನ ಎಲುಬು ಬಲಿತಿರುವುದಿಲ್ಲ, ಹತ್ತಬಾರದು. ತನ್ನ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು. ಇನ್ನೂರು ಕಿಲೋ ತೂಗುವ ತಟ್ಟಿಗೆ ನಲವತ್ತು ಕಿಲೋ, ಅಂದರೆ ಹುಡುಗ ಹೈಸ್ಕೂಲು ಸೇರಿದ ಒಂದೆರಡು ವರ್ಷದಲ್ಲಿ ಇಳಿಯಲೇಬೇಕು. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯನಿಗೂ ತಗಲಿ ಕೊಲ್ಲುವಂಥದು, ರಕ್ತ ಪರೀಕ್ಷೆ ಮಾಡಿಸದೆ ಮನೆಗೆ ತರಬಾರದು. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವ ಪ್ರಾಣಿ ಇನ್ನೊಂದಿಲ್ಲ. ಲಸಿಕೆ ಹಾಕಿಸಬೇಕು, ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಮೊಳೆ ಒಂದೂ ಇರಬಾರದು. ಕೊನೆಗೆ, ಚೆನ್ನಾಗಿ ಸಾಕಿದ ತಟ್ಟು ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ. ಎಂಟು ವರ್ಷದ ಹುಡುಗನ ಆಸೆಗೆ ತಂದ ಕುದುರೆ ಅವನ ಮಕ್ಕಳನ್ನೂ ನೋಡಬಹುದು. ನನ್ನನ್ನಂತೂ ಅದು ಸಾಗಹಾಕಿಯೇ ಸಾಯುತ್ತದೆ.

ಇಷ್ಟೆಲ್ಲ ತಿಳಿದೂ ನಾವು ಮೊದಲು ಹೋದದ್ದು ಜಾತ್ರೆಗೇ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ. ಬಾದಾಮಿಯ ಸೀಮೆಯಲ್ಲಿ ಹುಟ್ಟಿದವರಿಗೆ ಆ ಹೆಸರು ಕೇಳಿದರೆ ಕಾಲು ತಾವೇ ಹೊರಡುತ್ತವೆ. ನಾಟಕದ ಕಂಪನಿಗಳ ತಗಡಿನ ಥಿಯೇಟರು, ಮರದ ಬಾಗಿಲು ಚೌಕಟ್ಟುಗಳ ಸಾಲು, ರೊಟ್ಟಿ ಬುತ್ತಿ ಹೊತ್ತು ಮಾರುವ ಹೆಣ್ಣುಮಕ್ಕಳು, ದನದ ಪೇಟೆಯಲ್ಲಿ ಟುವಾಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುವ ವ್ಯವಹಾರ. ಆ ದನದ ಪೇಟೆಯ ಅಂಚಿನಲ್ಲಿ ಒಬ್ಬ ವ್ಯಾಪಾರಿ ನಾಲ್ಕೈದು ತಟ್ಟುಗಳನ್ನು ಕಟ್ಟಿದ್ದ. ಕೊನೆಯಲ್ಲಿ ನಿಂತದ್ದು ಒಂದು ಮರಿ. ನನ್ನ ಸೊಂಟದಷ್ಟೂ ಎತ್ತರವಿಲ್ಲ. ಕೊರಳಿಗೆ ಕೆಂಪು ಉಲನ್ನಿನ ಗೊಂಡೆ. "ಗಿಡ್ಡ ತಳಿ ಐತ್ರಿ ಸಾಹೇಬ್ರ. ಇದು ಇಷ್ಟ ಇರತೈತಿ, ಇನ್ನ ಬೆಳಿಯಂಗಿಲ್ಲ" ಎಂದ.

ಬೆಳೆಯದ ಕುದುರೆಗಳೂ ಜಗತ್ತಿನಲ್ಲಿ ಉಂಟು. ಅಮೇರಿಕೆಯಲ್ಲಿ ಮೂವತ್ತನಾಲ್ಕು ಅಂಗುಲ ಮೀರದ ಪುಟ್ಟ ಕುದುರೆಗಳಿಗೆ ಒಂದು ಸಂಘವೇ ಇದೆ. ಗಿಡ್ಡದಕ್ಕೆ ಗಿಡ್ಡದನ್ನು ಕೂಡಿಸುತ್ತ ಹೋದಲ್ಲಿ ದವಡೆ ಕೂಡದ, ಕಾಲು ಸೊಟ್ಟಾದ ಕುಬ್ಜ ಮರಿಗಳು ಹುಟ್ಟುವುದೂ, ಹೆರಿಗೆಯಲ್ಲಿ ತಾಯಿ ಸಾಯುವುದೂ ಉಂಟೆಂದು ವೈದ್ಯರು ಹೇಳಿದ್ದರು. ಆದರೆ ನಮ್ಮೆದುರಿಗಿದ್ದುದು ಗಿಡ್ಡ ತಳಿಯೂ ಅಲ್ಲ, ಬರಿಯ ಕೂಸು. ಮೂರು ತಿಂಗಳಿದ್ದರೆ ಹೆಚ್ಚು. ಹೊಟ್ಟೆ ಉಬ್ಬಿತ್ತು, ಪಕ್ಕೆ ಎಣಿಸಬಹುದಿತ್ತು. ಮೊಮ್ಮಗ ಕೈ ಚಾಚಿದಾಗ ಅದು ಅವನ ಎರಡು ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪತೊಡಗಿತು. ಹುಡುಗ ಹಿಗ್ಗಿಹೋದ. "ಅಜ್ಜಾ, ಇದಕ್ಕೆ ನಾನು ಸೇರಿದೆ!" ಎಂದ. ಅದು ಹುಡುಕುತ್ತಿದ್ದುದು ತಾಯಿಯ ಮೊಲೆಯನ್ನು ಎಂದು ಆ ಮಗುವಿಗೆ ಹೇಗೆ ಹೇಳಲಿ?

ತಾಯಿ ಎಲ್ಲಿ ಎಂದು ಕೇಳಿದೆ. ಊರಾಗ ಐತಿ ಎಂದ. ಯಾವ ಊರು ಎಂದರೆ ಕೈಯನ್ನು ಒಂದು ದಿಕ್ಕಿಗೆ ಬೀಸಿದ. ಆ ದಿಕ್ಕಿನಲ್ಲಿ ಭಾರತದ ಅರ್ಧ ಭಾಗವಿದೆ.

ಈಗ ನನ್ನ ನಿಜವಾದ ಕಷ್ಟ ಮೊದಲಾಯಿತು. ಚೀಟಿ ಜೇಬಿನಲ್ಲಿತ್ತು, ಅದರ ಪ್ರಕಾರ ಈ ಮರಿಯನ್ನು ಕೊಳ್ಳಬಾರದು. ಆದರೆ ಮನಸ್ಸು ಹೇಳಿತು: ಇಲ್ಲಿಯೇ ಬಿಟ್ಟರೆ ಇದು ತಿಂಗಳೊಳಗೆ ಸಾಯುತ್ತದೆ, ನಿನ್ನ ಕೈಯಲ್ಲಿ ದುಡ್ಡಿದೆ, ಕೊಟ್ಟಿಗೆಯಿದೆ, ವೈದ್ಯರ ಸ್ನೇಹವಿದೆ, ಹಾಲು ಕುಡಿಸಿ ಬದುಕಿಸಬಹುದು. ದಯೆಯೇ ಧರ್ಮದ ಮೂಲವೆಂದು ಕೇಳುತ್ತ ಬೆಳೆದ ಸೀಮೆಯವನು ನಾನು. ಅದರ ಮೇಲೆ ಹುಡುಗನ ಕಣ್ಣು ಬೇರೆ. ಅಳಿಯಂದಿರು ಆಗಲೇ ಜೇಬಿಗೆ ಕೈ ಹಾಕಿದ್ದರು.

ಆ ಹೊತ್ತಿಗೆ ನನಗೆ ನೆನಪಾದದ್ದು ಒಂದು ವಿಚಿತ್ರ ಸಂಗತಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಇಂಥವು ಅಕಾಲದಲ್ಲಿ ನೆನಪಾಗುತ್ತವೆ. ವಿಜಯನಗರದಲ್ಲಿದ್ದ ಪೋರ್ತುಗೀಸ ಕುದುರೆ ವ್ಯಾಪಾರಿ ನೂನಿಜ್ ೧೫೩೫ರ ಸುಮಾರಿಗೆ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹರಾಯನು ಹೊರದೇಶದ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಗಳ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಎಣಿಸಿಕೊಡುತ್ತಿದ್ದನಂತೆ. ರಾಜನ ಲೆಕ್ಕ ರಾಜನಿಗೆ; ದಂಡಿಗೆ ಕುದುರೆ ಬೇಕು, ವ್ಯಾಪಾರಿ ಹೆದರಿ ಬರದಿರಬಾರದು. ಆದರೆ ಹಡಗಿನ ಹೊಟ್ಟೆಯಲ್ಲಿ ನಿಂತ ಕುದುರೆಯ ಕಡೆಯಿಂದ ಯೋಚಿಸಿ ನೋಡಿ. ಬಾಲಕ್ಕೂ ಕುದುರೆಗೂ ಒಂದೇ ಬೆಲೆ ಬರುವುದಾದರೆ, ಅದಕ್ಕೆ ನೀರು ಕುಡಿಸುವ ತೊಂದರೆಯನ್ನು ಯಾರು ತೆಗೆದುಕೊಂಡಾರು? ಅದಕ್ಕೂ ಮುಂಚೆ, ಹದಿಮೂರನೆಯ ಶತಮಾನದಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಇನ್ನೂ ಕಟುವಾದ ಮಾತು ಹೇಳುತ್ತಾನೆ. ಅಲ್ಲಿಯವರಿಗೆ ಕುದುರೆಯ ಆರೈಕೆ ತಿಳಿಯದೆ ಅವು ಸಾಯುತ್ತಿದ್ದವು. ಮಾರಲು ಬರುವ ವರ್ತಕರು ಕುದುರೆಯ ವೈದ್ಯ ತಿಳಿದ ಲಾಳಗಾರರನ್ನು ತಾವೂ ಕರೆತರುತ್ತಿರಲಿಲ್ಲ, ಬರುವವರನ್ನೂ ಬಿಡುತ್ತಿರಲಿಲ್ಲವಂತೆ. ಸತ್ತಷ್ಟೂ ಮುಂದಿನ ವರ್ಷ ಮಾರಾಟ ಹೆಚ್ಚು.

ನನ್ನ ಮುಂದೆ ನಿಂತ ವ್ಯಾಪಾರಿ ಅಷ್ಟು ದೊಡ್ಡ ಪಾಪಿಯಲ್ಲ; ಹೊಟ್ಟೆಪಾಡಿನವನು. ಆದರೆ ನಾನು ದಯೆಯಿಂದ ಕೊಟ್ಟ ಹಣ ಅವನ ಕೈಯಲ್ಲಿ ದಯೆಯಾಗಿ ಉಳಿಯುವುದಿಲ್ಲ, ಬರಿಯ ಹಣವಾಗುತ್ತದೆ. ತಾಯಿಯಿಂದ ಕಿತ್ತು ತಂದ ಕೂಸು ಒಂದೇ ದಿನದಲ್ಲಿ ಮಾರಿಹೋಯಿತು ಎಂಬುದಷ್ಟೇ ಅವನಿಗೆ ತಿಳಿಯುವ ಸುದ್ದಿ. ಮುಂದಿನ ಬನದ ಹುಣ್ಣಿಮೆಗೆ ಎರಡು ತರುತ್ತಾನೆ. ಹಾಗೆಂದು ಈ ಒಂದನ್ನು ಬಿಟ್ಟು ಬರುವುದು ಸರಿಯೆ? ಕಾಣದ ಎರಡು ಮರಿಗಳ ಹೆಸರಿನಲ್ಲಿ, ಕಾಣುವ ಒಂದು ಮರಿಗೆ ಬೆನ್ನು ತಿರುಗಿಸುವುದು ಲೆಕ್ಕದಲ್ಲಿ ಸರಿಯಾದರೂ ಕರುಳಿಗೆ ಒಪ್ಪುವ ಮಾತಲ್ಲ. ಮರಿಗೆ ಹಸುವಿನ ಹಾಲನ್ನು ಹೇಗೆ ಕೊಡಬೇಕೆಂದು ವೈದ್ಯರಿಗೆ ಫೋನಿನಲ್ಲಿ ಕೇಳಿ ವ್ಯಾಪಾರಿಗೆ ತಿಳಿಸಿದೆ, ಅವನು ತಲೆಯಾಡಿಸಿದ. ಕೊಳ್ಳದೆ ಬಂದೆವು. ಸರಿ ಮಾಡಿದೆನೆಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ.

ಹಿಂದಿರುಗುವಾಗ ಪಟ್ಟದಕಲ್ಲು ದಾಟಿತು, ಐಹೊಳೆ ದಾಟಿತು, ಹುಡುಗ ಮಾತಾಡಲಿಲ್ಲ. ಅಮೀನಗಡದಲ್ಲಿ ಕಾರು ನಿಲ್ಲಿಸಿ ಕರದಂಟು ಕೊಡಿಸಿದರೆ ಅದನ್ನೂ ಮುಟ್ಟಲಿಲ್ಲ. ಮರಿ ಚೀಪಿದ ಬೆರಳುಗಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದ.

ಅದೇ ಜಾತ್ರೆ. ೧೯೬೨ನೆಯ ಇಸವಿ. ನನಗೆ ಆಗ ಒಂಬತ್ತು ವರ್ಷ.

ನಮ್ಮ ತಂದೆ ಬಟ್ಟೆಯ ವ್ಯಾಪಾರಿ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆಗಳನ್ನು ಗಂಟು ಕಟ್ಟಿ ತಟ್ಟಿನ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ತಟ್ಟಿನ ಹೆಸರು ಮೋತಿ. ಕಂದು ಬಣ್ಣದ ಹೆಣ್ಣು. ಅಪ್ಪನ ಗಜಕಡ್ಡಿಯ ಬಗ್ಗೆ ಸಂತೆಯಲ್ಲಿ ಒಂದು ಮಾತಿತ್ತು: ಅದು ಉಳಿದವರ ಗಜಕ್ಕಿಂತ ಎರಡು ಬೆರಳು ಉದ್ದ ಎಂದು. ಅಳೆದು ಹರಿಯುವಾಗ ಒಂದು ಗೇಣು ಹೆಚ್ಚೇ ಬಿಟ್ಟು ಹರಿಯುತ್ತಿದ್ದರು. ಬಣ್ಣ ಬಿಡುವ ಸೀರೆಯನ್ನು, "ಇದು ಬಣ್ಣ ಬಿಡತೈತಿ ತಂಗಿ, ಬ್ಯಾಡ" ಎಂದು ತಾವಾಗಿಯೇ ಹೇಳುತ್ತಿದ್ದರು. ಅಂಥ ಮನುಷ್ಯ.

ಮೋತಿಯ ಎಡಗಣ್ಣಿಗೆ ಎರಡು ವರ್ಷದಿಂದ ಬೇನೆ. ಬಂದಾಗ ಕಣ್ಣು ಮುಚ್ಚಿ ನೀರು ಸೋರುತ್ತಿತ್ತು. ಹದಿನೈದು ದಿನಕ್ಕೆ ತಾನೇ ಇಳಿದು ಕಣ್ಣು ತೆರೆಯುತ್ತಿತ್ತು. ತಿಂಗಳೆರಡು ತಿಂಗಳಿಗೆ ಮತ್ತೆ. ಚಂದ್ರನಂತೆ ಹೆಚ್ಚಿ ಕುಗ್ಗುತ್ತದೆಂದು ಇಂಗ್ಲಿಷರು ಇದನ್ನು ಚಂದ್ರಗುರುಡು ಎಂದು ಕರೆಯುತ್ತಿದ್ದರು. ಪ್ರತಿ ಸಲವೂ ಒಳಗಿನ ಬೆಳಕು ಸ್ವಲ್ಪ ಸ್ವಲ್ಪ ಆರುತ್ತದೆ ಎಂದು ನನಗೆ ತಿಳಿದದ್ದು ಈಚೆಗೆ. ಅಪ್ಪನಿಗೆ ಅಂದೇ ತಿಳಿದಿತ್ತು. ಬೇನೆ ಇಳಿದ ದಿನಗಳನ್ನು ಆರಿಸಿ ಜಾತ್ರೆಗೆ ಹೊಡೆದುಕೊಂಡು ಹೋದರು. ಮೋತಿಯ ಎಡಗಡೆಗೆ ಒಂದು ಎತ್ತಿನ ಬಂಡಿ ಬರುವಂತೆ ನಿಲ್ಲಿಸಿದರು. ನನ್ನ ಕೈಗೆ ಹಗ್ಗ ಕೊಟ್ಟರು.

ಕೊಳ್ಳಲು ಬಂದವನು ಗಡಿಗೆ ಮಾರುವವನು, ಇನ್ನೂ ಹರೆಯದವನು. ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ, ಬೆನ್ನು ಒತ್ತಿ ನೋಡಿದ. ಅಪ್ಪ ಏನನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಆಗ ಅವನು ನನ್ನ ಕಡೆ ಬಗ್ಗಿ, "ತಮ್ಮಾ, ನೀ ಹೇಳು. ಕುದರಿ ಎಲ್ಲಾ ಚಲೋ ಐತಿಲ್ಲೊ?" ಎಂದ. ಹುಡುಗರು ಸುಳ್ಳು ಹೇಳುವುದಿಲ್ಲವೆಂದು ನಂಬಿದ್ದನೋ ಏನೋ. ನಾನು ಅಪ್ಪನ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು. "ಹೌದ್ರಿ" ಎಂದೆ. ಅವನು ನಕ್ಕು ನನಗೆ ಒಂದು ಹಿಡಿ ಬೆಂಡು ಬತ್ತಾಸು ಕೊಡಿಸಿದ. ನಾನು ತಿಂದೆ.

ಸಂಜೆ ದಾರಿಯಲ್ಲಿ ಅಪ್ಪ ಒಂದೇ ಮಾತು ಆಡಿದರು: "ಅವನಿಗೂ ಎರಡು ಕಣ್ಣ ಅದಾವ. ನೋಡೇ ತಗೊಂಡಾನ." ಆ ದುಡ್ಡಿನಲ್ಲಿ ಮನೆಗೆ ಸೈಕಲ್ಲು ಬಂದಿತು. ಅದೇ ಸೈಕಲ್ಲಿನ ಮೇಲೆ ನಾನು ಹೈಸ್ಕೂಲಿಗೆ ಹೋದೆ, ಓದಿದೆ, ಮಾಸ್ತರನಾದೆ. ಅಂದಿನ ನಮ್ಮ ಮನೆ, ಅದರ ಮುಂದೆ ಮೋತಿಯನ್ನು ಕಟ್ಟುತ್ತಿದ್ದ ಗೂಟ, ಎಲ್ಲ ಈಗ ಆಲಮಟ್ಟಿಯ ಹಿನ್ನೀರಿನಲ್ಲಿವೆ. ಕದ್ರುವಿನ ಮಕ್ಕಳ ಕಥೆಯನ್ನು ತರಗತಿಯಲ್ಲಿ ಹೇಳಬೇಕಾಗಿ ಬಂದಾಗಲೆಲ್ಲ ನಾನು ಸ್ವಲ್ಪ ಬೇಗ ಮುಗಿಸುತ್ತಿದ್ದೆ.

ಸೀರೆಯಲ್ಲಿ ಸುಳ್ಳಾಡದವರು ಕುದುರೆಯಲ್ಲಿ ಏಕೆ ಮೌನವಾದರು? ಇದನ್ನು ಬಹ ಳ ಕಾಲ ಯೋಚಿಸಿದ್ದೇನೆ. ಬಟ್ಟೆಯ ಪೇಟೆಗೆ ಒಂದು ಧರ್ಮ, ಕುದುರೆಯ ಪೇಟೆಗೆ ಇನ್ನೊಂದು ಎಂದು ಅವರ ಕಾಲದವರು ತಿಳಿದಿದ್ದರು. ಕುದುರೆಯ ಪೇಟೆಯಲ್ಲಿ ಮಾರುವವನು ಮುಚ್ಚಿಡುವುದೂ ಕೊಳ್ಳುವವನು ಕಂಡುಹಿಡಿಯುವುದೂ ಆಟದ ನಿಯಮ. ಇದೇನು ನಮ್ಮೂರಿನ ಪ್ರಶ್ನೆಯಷ್ಟೇ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸಿರೊ ಇದನ್ನೇ ಚರ್ಚಿಸಿದ್ದಾನೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಒಬ್ಬ ವರ್ತಕ ಧಾನ್ಯದ ಹಡಗು ತರುತ್ತಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಡಯಾಜಿನಿಸ್ ಎಂಬ ತತ್ತ್ವಜ್ಞಾನಿ, ಕಾಯಿದೆ ಕೇಳಿದಷ್ಟು ಹೇಳಿದರೆ ಸಾಕು, ಸುಮ್ಮನಿರುವುದು ವಂಚನೆಯಲ್ಲ ಎಂದ. ಅವನ ಶಿಷ್ಯ ಆಂಟಿಪೇಟರ್, ಎಲ್ಲವನ್ನೂ ಹೇಳಬೇಕು ಎಂದ. ಸಿಸಿರೊ ಶಿಷ್ಯನ ಪಕ್ಷ ಹಿಡಿದ. ವಿಶೇಷವೆಂದರೆ ರೋಮಿನ ಪೇಟೆಯ ಅಧಿಕಾರಿಗಳು, ಹೊರೆ ಹೊರುವ ಪ್ರಾಣಿಯನ್ನು ಮಾರುವವನು ಅದರ ರೋಗ ದೋಷಗಳನ್ನು ಬಾಯಿಬಿಟ್ಟು ಹೇಳಲೇಬೇಕೆಂದು ಶಾಸನ ಮಾಡಿದ್ದರು. ಗುಲಾಮರಿಗೂ ಅದೇ ಬಗೆಯ ಶಾಸನ! ಒಂದು ಕಣ್ಣು ತೆರೆದಾಗ ಇನ್ನೊಂದು ಮುಚ್ಚುವುದು ಮನುಷ್ಯನ ರೋಗವೂ ಹೌದು.

ಆದರೆ ಸಿಸಿರೊನ ಧಾನ್ಯಕ್ಕೆ ನೋವಿಲ್ಲ. ಮೋತಿಗೆ ಇತ್ತು. ಎಡಗಡೆಯ ಹಳ್ಳ ಕಾಣದೆಂದು ಅಪ್ಪನಿಗೆ ಗೊತ್ತಿದ್ದುದರಿಂದ ಅವರು ಯಾವಾಗಲೂ ಅದರ ಎಡಕ್ಕೆ ನಡೆಯುತ್ತಿದ್ದರು. ಗಡಿಗೆಯವನಿಗೆ ಅದು ಗೊತ್ತಿಲ್ಲ. ಮೋತಿ ಮುಗ್ಗರಿಸಿ ಗಡಿಗೆ ಒಡೆದ ದಿನ ಅವನು ಬಾರಕೋಲಿನಿಂದ ಯಾರನ್ನು ಹೊಡೆದಿರಬಹುದು? ಅಪ್ಪನನ್ನಲ್ಲ, ನನ್ನನ್ನಲ್ಲ. ಪ್ರಾಣಿಯ ವ್ಯಾಪಾರದಲ್ಲಿ ಪಕ್ಷಗಳು ಎರಡಲ್ಲ, ಮೂರು, ಮೂರನೆಯದಕ್ಕೆ ಬಾಯಿಲ್ಲ. ೧೯೫೩ರಲ್ಲಿ ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಸೂದೆ ತಂದು, ೧೯೬೦ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆಯಾಯಿತು. ನಾವು ಮೋತಿಯನ್ನು ಮಾರಿದ್ದು ಆಮೇಲೆ ಎರಡು ವರ್ಷಕ್ಕೆ. ಹೊಡೆದವನನ್ನು ಹಿಡಿಯಲು ಕಾಯಿದೆಗೆ ಬರುತ್ತದೆ. "ಹೌದ್ರಿ" ಎಂದವನನ್ನು ಹಿಡಿಯಲು ಬರುವುದಿಲ್ಲ.

ಕೊನೆಗೆ ನಮಗೆ ದಾರಿ ತೋರಿಸಿದವರು ಹುನಗುಂದದ ಒಬ್ಬ ರೈತರು. ಅವರ ಎರೆಹೊಲದಲ್ಲಿ ಜೋಳ ಕಿತ್ತ ಮೇಲೆ ಗೊಬ್ಬರಕ್ಕಾಗಿ ಕುರಿಹಿಂಡು ನಿಲ್ಲಿಸಿದ್ದರು. ನಮ್ಮ ಕಡೆಯ ಅಲೆಮಾರಿ ಕುರಿಗಾರರನ್ನು ನೋಡಿದವರಿಗೆ ಅವರ ತಟ್ಟುಗಳೂ ಗೊತ್ತು: ಗುಡಾರ, ಪಾತ್ರೆ, ನಡೆಯಲಾರದ ಕುರಿಮರಿ, ಕೆಲವೊಮ್ಮೆ ತೊಟ್ಟಿಲ ಕೂಸು, ಎಲ್ಲವನ್ನೂ ಹೊತ್ತು ನಡೆಯುವ ಗಟ್ಟಿ ಕಾಲಿನ ಸಣ್ಣ ಕುದುರೆಗಳು. ಭೀಮೆಯ ದಂಡೆಯ ಇಂಥವೇ ತಟ್ಟುಗಳನ್ನು ಭೀಮಥಡಿ ಎಂದು ಈಗ ಪ್ರತ್ಯೇಕ ತಳಿಯಾಗಿ ಗುರುತಿಸಿದ್ದಾರೆ. ಮರಾಠರ ದಂಡಿನಲ್ಲಿ ಓಡಿದವು, ದಂಡು ಹೋದ ಮೇಲೆ ಕುರಿಗಾರರ ಕೈಯಲ್ಲಿ ಉಳಿದವು.

ಹಿಂಡಿನ ಯಜಮಾನರು ನನ್ನ ಓರಗೆಯವರು. ಎರಡು ಹೆಣ್ಣುಕುದುರೆ, ಅವುಗಳ ಮಕ್ಕಳು ಮೂರು. ನಾವು ಬಂದ ಕೆಲಸ ಹೇಳಿದರೂ ಅವರು ಕುದುರೆಯ ಮಾತು ತೆಗೆಯಲಿಲ್ಲ, ಮಜ್ಜಿಗೆ ಕೊಡಿಸಿದರು. ಆಮೇಲೆ ನನ್ನ ಚೀಟಿ ಹೊರಗೆ ಬರುವ ಮೊದಲೇ ಅವರ ಪ್ರಶ್ನೆಗಳು ಮೊದಲಾದವು. ಹುಡುಗನ ವಯಸ್ಸೆಷ್ಟು? ಹೊಲದಲ್ಲಿ ರಾತ್ರಿ ಯಾರಿರುತ್ತಾರೆ? ಬೇಸಿಗೆಯಲ್ಲಿ ಬಾವಿಗೆ ನೀರಿರುತ್ತದೆಯೆ? ಗೊರಸು ಕೆತ್ತುವವರು ಊರಲ್ಲಿದ್ದಾರೆಯೆ? ಬೇರೆ ದನ ಇವೆಯೆ? ಇಲ್ಲವೆಂದಾಗ ಮುಖ ಗಂಟಿಕ್ಕಿದರು. "ಒಂಟಿ ಕುದರಿ ಇರಂಗಿಲ್ರಿ ಮಾಸ್ತರ್ರ. ನಿಂತಲ್ಲೇ ಸೊರಗತೈತಿ. ಒಂದು ಆಡರ ಜೋಡಿ ಇರಬೇಕು."

ನಾಲ್ಕು ಹಲ್ಲಿನ ಒಂದು ಕೆಂದು ತಟ್ಟನ್ನು ತೋರಿಸಿದರು. ಅದರ ತಾಯಿ ಹತ್ತು ಮಾರು ದೂರದಲ್ಲಿ ಮೇಯುತ್ತಿತ್ತು. "ಮೂರು ವರ್ಷ ಇದರ ಮ್ಯಾಲ ಏನೂ ಹೇರಿಲ್ರಿ. ಹೋದ ವರ್ಷದಿಂದ ಬರೇ ಗುಡಾರದ ಅರಿವಿ. ಹಿಂದಿನ ಎಡಗಾಲಿನ ಗೊರಸು ಸೀಳಿತ್ತು, ಈಗ ಕೂಡೇತಿ, ಕೈ ಆಡಿಸಿ ನೋಡ್ರಿ. ಹರಿಯೋ ನೀರಿಗೆ ಅಂಜತೈತಿ. ಹಳ್ಳ ದಾಟಬೇಕಾದ್ರ ಮುಂದ ತಾಯಿ ಹೋಗಬೇಕು. ನಿಮ್ಮಲ್ಲೆ ತಾಯಿ ಇರಂಗಿಲ್ಲ, ಅದಕ್ಕ ಮೊದ್ಲ ಹೇಳೀನಿ." ನಾವು ಕೇಳಿರಲಿಲ್ಲ. ನೀರಿನ ಅಂಜಿಕೆ ಕೈಯಾಡಿಸಿದರೆ ಸಿಗುವಂಥದೂ ಅಲ್ಲ, ಹಲ್ಲು ನೋಡಿದರೆ ಕಾಣುವಂಥದೂ ಅಲ್ಲ. ರಕ್ತ ಪರೀಕ್ಷೆಯ ಮಾತೆತ್ತಿದಾಗ, ಸಿಟ್ಟು ಮಾಡುತ್ತಾರೇನೋ ಎಂದು ನಾನು ಅಳುಕಿದ್ದೆ. "ಮಾಡಸ್ರಿ. ನಂಬೂವೂ ಗೊತ್ತಾಗತಾವ" ಎಂದರು.

ಅಳಿಯಂದಿರು ಬೆಲೆ ಕೇಳಿದರು. ಯಜಮಾನರು ಹೇಳಲಿಲ್ಲ. "ರೊಕ್ಕದ ಮಾತು ಆಮ್ಯಾಲ. ಹುಡುಗ ದೊಡ್ಡಾಂವ ಆಗತಾನ, ಸಾಲಿಗೆ ಬ್ಯಾರೆ ಊರಿಗೆ ಹೊಕ್ಕಾನ. ಆವಾಗ ಇದು ಬ್ಯಾಡಾದ್ರ ನನಗ ಹೇಳಿ ಕಳಸ್ರಿ, ನಾನರ ನನ್ನ ಮಗನರ ಬಂದು ಹೊಡಕೊಂಡು ಹೊಕ್ಕೇವಿ. ಜಾತ್ರಿಗೆ ಮಾತ್ರ ಒಯ್ಯಬ್ಯಾಡ್ರಿ." ಒಂದು ಗಳಿಗೆ ಬಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಮೊದ್ಲ ಕುದರಿ ಇತ್ತಂದ್ರಲ್ರಿ ಮಾಸ್ತರ್ರ. ಅದು ಏನಾತ್ರಿ?"

ಕುದುರೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ನಾನು ಚೀಟಿಯಲ್ಲಿ ಬರೆದಿದ್ದೆ. ಕುದುರೆ ಕೊಡುವವನು ಕೇಳುವ ಈ ಪ್ರಶ್ನೆ ಅದರಲ್ಲಿರಲಿಲ್ಲ. ಮುದಿಯಾಗಿ ಸತ್ತಿತು ಎನ್ನಬಹುದಿತ್ತು. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದ.

ಹೇಳಿದೆ. ಬಂಡಿಯ ಮರೆ, ಹಗ್ಗ, ಗಡಿಗೆಯವನು, ಬೆಂಡು ಬತ್ತಾಸು, ಸೈಕಲ್ಲು, ಎಲ್ಲವನ್ನೂ. ನನ್ನ ಹೆಂಡತಿಗೂ ಹೇಳಿರದ ಮಾತು ಅದು. ಅಳಿಯಂದಿರು ಒಂದು ಜೋಳದ ಕೂಳೆಯನ್ನು ಕಾಲಿನಿಂದ ಒತ್ತುತ್ತ ನಿಂತಿದ್ದರು. ಯಜಮಾನರು, ಆವಾಗ ನೀವು ಸಣ್ಣವರು ಎನ್ನಲಿಲ್ಲ. ತಂದೆಯವರನ್ನು ಬಯ್ಯಲೂ ಇಲ್ಲ.

"ಯಾವ ಕಣ್ಣರಿ?" ಎಂದರು.

"ಎಡಗಣ್ಣು."

ಎದ್ದು ಹೋಗಿ ಕೆಂದು ತಟ್ಟನ್ನು ಹಿಡಿದು ತಂದು, ಎಡಗಡೆ ನನ್ನ ಕಡೆಗೆ ಬರುವಂತೆ ನಿಲ್ಲಿಸಿದರು. "ನೋಡ್ರಿ." ನಾನು ಕೈ ಬೀಸಿದೆ. ಅದು ರೆಪ್ಪೆ ಬಡಿಯಿತು. ಮೊಮ್ಮಗನೂ ತನ್ನ ಕೈ ಬೀಸಿ ನೋಡಿದ. "ಅಜ್ಜಾ, ಮೋತಿ ಆಮೇಲೆ ಎಲ್ಲಿ ಹೋಯಿತು?" ಎಂದ. ಗೊತ್ತಿಲ್ಲ ಎಂದೆ.

"ಗುರುವಾರ ಇಳಕಲ್ಲಿಗೆ ಬಂದು ನಿಮ್ಮ ಕೊಟ್ಟಿಗಿ ನೋಡತೇನಿ. ಆಮ್ಯಾಲ ಕೊಡೋದೋ ಬಿಡೋದೋ ಹೇಳತೇನಿ" ಎಂದು ಯಜಮಾನರು ನಮ್ಮನ್ನು ಕಳಿಸಿಕೊಟ್ಟರು.

ಬುಧವಾರ ಇಡೀ ದಿನ ನಾನೂ ಅಳಿಯಂದಿರೂ ಕೊಟ್ಟಿಗೆಯ ಪಂಪಿನ ಸಾಮಾನುಗಳನ್ನು ಹೊರಗೆ ಹಾಕಿ ನೆಲ ಗುಡಿಸಿದೆವು. ಮೊಮ್ಮಗನ ಕೈಯಲ್ಲಿ ಒಂದು ಹಾಲಿನಪುಡಿಯ ಡಬ್ಬಿಯಿತ್ತು. ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಅದರಲ್ಲಿ ಹಾಕುತ್ತಿದ್ದ. ಕತ್ತಲಾದ ಮೇಲೂ ಬ್ಯಾಟರಿ ಹಿಡಿದು ಮೂಲೆ ಮೂಲೆಯಲ್ಲಿ ಹುಡುಕುತ್ತಿದ್ದ.